ಇದ್ದಾಗಲೂ ಇಲ್ಲದಾಗಲೂ: ಪೌಲನು ಕಲಿತ ‘ಸಾಕು’

ಕನ್ನಡ ಕ್ರೈಸ್ತರ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ, ಪರೀಕ್ಷೆಗೆ ಹೊರಟ ಮಕ್ಕಳ ಕೈಗೆ ಕೊಡುವ ಪುಟ್ಟ ಕಾರ್ಡಿನಲ್ಲಿ, ಕೆಲವೊಮ್ಮೆ ಆಟೋರಿಕ್ಷಾದ ಹಿಂಬದಿಯಲ್ಲೂ ಕಾಣಸಿಗುವ ಒಂದು ವಾಕ್ಯವಿದೆ. ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಈ ಮಾತು, ಅಪೊಸ್ತಲನಾದ ಪೌಲನು ಫಿಲಿಪ್ಪಿ ಪಟ್ಟಣದ ಕ್ರೈಸ್ತ ಸಭೆಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ 13ನೆಯ ವಚನ. ಇದನ್ನು ಓದುವವರು ಸಾಮಾನ್ಯವಾಗಿ ಗೆಲುವನ್ನು, ರ‍್ಯಾಂಕನ್ನು, ಕೈಗೆ ಸಿಗಬೇಕಾದ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಆದರೆ ಅದರ ಹಿಂದಿನ ಎರಡು ವಚನಗಳನ್ನು ಜೊತೆಗಿಟ್ಟು ಓದಿದರೆ ‘ಎಲ್ಲಕ್ಕೂ’ ಎಂದು ಪೌಲನು ಹೇಳಿದ್ದು ಯಾವುದಕ್ಕೆ ಎಂಬುದು ಸ್ಪಷ್ಟವಾಗುತ್ತದೆ: ಹೊಟ್ಟೆ ತುಂಬಿರುವುದಕ್ಕೆ, ಹಸಿದಿರುವುದಕ್ಕೆ, ಕೈತುಂಬ ಇರುವುದಕ್ಕೆ, ಏನೂ ಇಲ್ಲದಿರುವುದಕ್ಕೆ. ಇದು ಸಾಧನೆಯ ಕುರಿತ ವಚನವಲ್ಲ, ಸಂತೃಪ್ತಿಯ ಕುರಿತ ವಚನ. ಕ್ರೈಸ್ತ ನಂಬಿಕೆಯಲ್ಲಿ ಸಂತೃಪ್ತಿ ಎಂದರೇನು, ಅದು ಸಹನೆಯಿಂದಲೂ ಉದಾಸೀನತೆಯಿಂದಲೂ ಹೇಗೆ ಬೇರೆ ಎಂಬುದನ್ನು ತಿಳಿಯಲು ಇಷ್ಟು ಚಿಕ್ಕದಾಗಿಯೂ ಇಷ್ಟು ಆಳವಾಗಿಯೂ ಇರುವ ಇನ್ನೊಂದು ಭಾಗ ಬೈಬಲಿನಲ್ಲಿ ಸಿಗುವುದು ಕಷ್ಟ.

ಮೊದಲು ಸಂದರ್ಭವನ್ನು ನೋಡಬೇಕು. ಫಿಲಿಪ್ಪಿ ಇಂದಿನ ಉತ್ತರ ಗ್ರೀಸಿನಲ್ಲಿದ್ದ ಮಕೆದೋನ್ಯದ ಪಟ್ಟಣ. ಮಹಾ ಅಲೆಕ್ಸಾಂಡರನ ತಂದೆಯಾದ ಎರಡನೆಯ ಫಿಲಿಪ್ಪನ ಹೆಸರು ಅದಕ್ಕೆ ಬಂದದ್ದು ಕ್ರಿ.ಪೂ. 356ರಲ್ಲಿ. ಕ್ರಿ.ಪೂ. 42ರಲ್ಲಿ ಅಲ್ಲಿಯೇ ನಡೆದ ಯುದ್ಧದ ಬಳಿಕ ರೋಮನ್ ಸೈನಿಕರಿಗೆ ಸುತ್ತಲಿನ ಭೂಮಿಯನ್ನು ಹಂಚಿಕೊಟ್ಟದ್ದರಿಂದ ಅದು ರೋಮಿನ ವಸಾಹತಾಯಿತು. ಪೌಲನು ಅಲ್ಲಿಗೆ ಬಂದದ್ದು ಸುಮಾರು ಕ್ರಿ.ಶ. 50ರ ಹೊತ್ತಿಗೆ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದ ಪ್ರಕಾರ ಆ ಊರಿನಲ್ಲಿ ಮೊದಲು ಅವನ ಮಾತಿಗೆ ಹೃದಯ ತೆರೆದವಳು ಥುವತೈರದ ಲುದ್ಯ ಎಂಬ, ಧೂಮ್ರವರ್ಣದ ಬಟ್ಟೆಯ ವ್ಯಾಪಾರಿ. ಅದೇ ಊರಿನಲ್ಲಿ ಪೌಲನೂ ಅವನ ಜೊತೆಗಾರ ಸೀಲನೂ ಛಡಿಯೇಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು, ಸೆರೆಮನೆಯಲ್ಲಿ ನಡುರಾತ್ರಿ ದೇವರನ್ನು ಹಾಡಿ ಸ್ತುತಿಸಿದರು. ಅಂದರೆ ಫಿಲಿಪ್ಪಿಯ ಸಭೆಗೆ ಪೌಲನ ಸಂತೃಪ್ತಿ ಹೊಸ ಸುದ್ದಿಯಾಗಿರಲಿಲ್ಲ. ಆ ರಾತ್ರಿ ಅವನ ಗಾಯಗಳನ್ನು ತೊಳೆದ ಸೆರೆಮನೆಯ ಯಜಮಾನನೂ ಆ ಸಭೆಯಲ್ಲಿ ಕುಳಿತು ಈ ಪತ್ರಿಕೆಯನ್ನು ಕೇಳಿಸಿಕೊಂಡಿರಬಹುದು.

ಪತ್ರಿಕೆ ಬರೆಯುವಾಗ ಪೌಲನು ಮತ್ತೆ ಬೇಡಿಯಲ್ಲಿದ್ದಾನೆ. ಪರಂಪರೆಯ ಪ್ರಕಾರ ಅದು ರೋಮಿನಲ್ಲಿ, ಸುಮಾರು 60ರಿಂದ 62ರ ಅವಧಿಯಲ್ಲಿ. ಎಫೆಸ ಅಥವಾ ಕೈಸರೈಯ ಇರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಊರು ಯಾವುದೇ ಆಗಿರಲಿ, ಆ ಕಾಲದ ಸೆರೆಯ ಒಂದು ವಾಸ್ತವವನ್ನು ನೆನಪಿಡಬೇಕು: ಕೈದಿಯ ಊಟ ಬಟ್ಟೆಗಳಿಗೆ ಬಹುಮಟ್ಟಿಗೆ ಹೊರಗಿನವರೇ ದಿಕ್ಕು. ಬಂಧುಗಳೋ ಸ್ನೇಹಿತರೋ ತಂದುಕೊಡದಿದ್ದರೆ ಹಸಿದೇ ಇರಬೇಕಾಗುತ್ತಿತ್ತು. ಫಿಲಿಪ್ಪಿಯವರು ಎಪಫ್ರೊದೀತ ಎಂಬವನ ಕೈಯಲ್ಲಿ ಸಹಾಯವನ್ನು ಕಳುಹಿಸಿದರು. ಪೌಲನಿಗೆ ಅದನ್ನು ಮುಟ್ಟಿಸುವ ಕಾರ್ಯದಲ್ಲಿ ಅವನು ಕಾಯಿಲೆಬಿದ್ದು ಸಾಯುವ ಸ್ಥಿತಿಗೆ ಬಂದಿದ್ದ. ಚೇತರಿಸಿಕೊಂಡ ಅವನನ್ನು ಊರಿಗೆ ಹಿಂದಕ್ಕೆ ಕಳುಹಿಸುವಾಗ ಬರೆದ, ನಾಲ್ಕೇ ಅಧ್ಯಾಯಗಳ, 104 ವಚನಗಳ ಪತ್ರವೇ ಇದು. ಸಂತೃಪ್ತಿಯ ಮಾತು ಬರುವುದು ಅದರ ಕೊನೆಯಲ್ಲಿ, ಆ ಸಹಾಯ ಮುಟ್ಟಿತೆಂದು ತಿಳಿಸುವ ಜಾಗದಲ್ಲಿ.

ಆ ಜಾಗದಲ್ಲಿ ಪೌಲನು ಬಳಸಿದ ಗ್ರೀಕ್ ಪದ ‘ಔತಾರ್ಕೇಸ್’. ಕನ್ನಡ ಬೈಬಲಿನಲ್ಲಿ ನಾವು ‘ಸಂತುಷ್ಟ’ ಎಂದು ಓದುವುದು ಇದನ್ನೇ. ಪದವನ್ನು ಬಿಡಿಸಿದರೆ ‘ತನಗೆ ತಾನೇ ಸಾಕು’ ಎಂದಾಗುತ್ತದೆ. ಪೌಲನ ಕಾಲದಲ್ಲಿ ಈ ಪದಕ್ಕೆ ಬಹಳ ಗೌರವವಿತ್ತು. ಸ್ತೋಯಿಕ ತತ್ತ್ವಜ್ಞಾನಿಗಳಿಗೆ ಅದು ಜ್ಞಾನಿಯ ಲಕ್ಷಣ. ಹೊರಗಿನ ಸಂಪತ್ತು, ಆರೋಗ್ಯ, ಮಾನ ಯಾವುದೂ ನಮ್ಮ ಕೈಯಲ್ಲಿಲ್ಲ, ಆದ್ದರಿಂದ ಅವುಗಳ ಮೇಲೆ ನೆಮ್ಮದಿಯನ್ನು ಕಟ್ಟಬಾರದು, ಒಳಗಿನ ಸದ್ಗುಣವೊಂದೇ ಸಾಕು ಎಂಬುದು ಅವರ ಬೋಧನೆ. ಪೌಲನ ಸಮಕಾಲೀನನಾದ ಸೆನೆಕ ಈ ಪಂಥದ ಹೆಸರಾಂತ ಬರಹಗಾರ. ಕೊರಿಂಥದಲ್ಲಿ ಪೌಲನನ್ನು ವಿಚಾರಣೆಗೆ ಎಳೆದು ತಂದಾಗ ನ್ಯಾಯಪೀಠದಲ್ಲಿ ಕುಳಿತಿದ್ದ ಅಧಿಪತಿ ಗಲ್ಲಿಯೋನನು ಇದೇ ಸೆನೆಕನ ಅಣ್ಣ. ಎರಡು ಚಿಂತನೆಗಳು ಒಂದೇ ಕಾಲದಲ್ಲಿ, ಒಂದೇ ಸಾಮ್ರಾಜ್ಯದಲ್ಲಿ, ಇಷ್ಟು ಹತ್ತಿರದಲ್ಲಿ ಹಾದುಹೋದವು.

ಸ್ತೋಯಿಕರ ಆದರ್ಶವನ್ನು ಹಗುರವಾಗಿ ಕಾಣಬಾರದು. ಕಷ್ಟದಲ್ಲಿ ಕುಸಿಯದೆ ನಿಲ್ಲುವ ಅವರ ಧೈರ್ಯ ದೊಡ್ಡದು. ಆದರೆ ಪೌಲನು ಅವರ ಪದವನ್ನು ತೆಗೆದುಕೊಂಡು ಅದರ ಒಳಗನ್ನೇ ಬದಲಿಸಿದ್ದಾನೆ. 11ನೆಯ ವಚನದಲ್ಲಿ ‘ತನಗೆ ತಾನೇ ಸಾಕು’ ಎಂಬ ಪದವನ್ನು ಬಳಸಿದವನು 13ನೆಯ ವಚನದಲ್ಲಿ ಬಲ ತನ್ನದಲ್ಲ, ಬಲಪಡಿಸುವಾತನದು ಎನ್ನುತ್ತಾನೆ. ಅವನ ಸಂತೃಪ್ತಿ ಯಾರ ಹಂಗೂ ಇಲ್ಲದವನದಲ್ಲ, ಒಬ್ಬಾತನ ಹಂಗಿನಲ್ಲಿ ನಿಶ್ಚಿಂತನಾಗಿರುವವನದು. ಇಲ್ಲಿ ಕನ್ನಡ ನಮಗೊಂದು ಸಹಾಯ ಮಾಡುತ್ತದೆ. ‘ಸಾಕು’ ಎಂದರೆ ಇಷ್ಟೇ ಸಾಲುತ್ತದೆ ಎಂದರ್ಥ; ‘ಸಾಕು’ ಎಂದರೆ ಪೋಷಿಸು, ಸಲಹು ಎಂದೂ ಅರ್ಥ. ಈ ಎರಡರ ಮೂಲ ಒಂದೇ ಎಂಬ ವಾದ ನನ್ನದಲ್ಲ. ಆದರೆ ಪೌಲನ ಮನಸ್ಸು ನಡೆದ ದಾರಿಯನ್ನು ಕನ್ನಡದಲ್ಲಿ ಹೇಳುವುದಾದರೆ ಇದಕ್ಕಿಂತ ಚೆನ್ನಾದ ಮಾತು ನನಗೆ ತೋಚುವುದಿಲ್ಲ: ಸಾಕುವವನೊಬ್ಬನು ಇದ್ದಾನೆ, ಆದ್ದರಿಂದ ಸಾಕು. ಅದೇ ಭಾಗದಲ್ಲಿ ‘ಹೊಟ್ಟೆ ತುಂಬಿರುವುದು’ ಎಂಬುದಕ್ಕೆ ಪೌಲನು ಬಳಸಿದ ಕ್ರಿಯಾಪದವೂ ಮೂಲದಲ್ಲಿ ದನಕರುಗಳಿಗೆ ಹುಲ್ಲು ಮೇವು ಹಾಕಿ ತಣಿಸುವುದಕ್ಕೆ ಸಂಬಂಧಪಟ್ಟದ್ದು.

ಇನ್ನೊಂದು ಪದವನ್ನೂ ಗಮನಿಸಬೇಕು. ಪೌಲನು ‘ನಾನು ಸಂತುಷ್ಟನಾಗಿ ಹುಟ್ಟಿದೆ’ ಎನ್ನುವುದಿಲ್ಲ, ಕ್ರಿಸ್ತನನ್ನು ನಂಬಿದ ದಿನವೇ ಅದು ಬಂದುಬಿಟ್ಟಿತು ಎಂದೂ ಹೇಳುವುದಿಲ್ಲ. ‘ಕಲಿತುಕೊಂಡಿದ್ದೇನೆ’ ಎನ್ನುತ್ತಾನೆ. ಮುಂದಿನ ವಚನದಲ್ಲಿ ‘ಗುಟ್ಟು’ ತಿಳಿದಿದೆ ಎಂಬರ್ಥ ಬರುವ ಕಡೆ ಬಳಸಿರುವುದು, ಆ ಕಾಲದ ಗೂಢ ಪಂಥಗಳಲ್ಲಿ ದೀಕ್ಷೆ ಪಡೆಯುವುದಕ್ಕೆ ಹೇಳುತ್ತಿದ್ದ ಪದ. ಅಲ್ಲಿ ದೀಕ್ಷೆ ಮುಚ್ಚಿದ ಬಾಗಿಲ ಹಿಂದೆ ಆಗುತ್ತಿತ್ತು. ಪೌಲನ ದೀಕ್ಷೆ ಬೀದಿಯಲ್ಲಿ, ಹಡಗಿನಲ್ಲಿ, ಗುಡಾರ ಹೊಲಿಯುವ ಕಸುಬಿನಲ್ಲಿ, ಸೆರೆಮನೆಯಲ್ಲಿ ನಡೆಯಿತು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಅವನೇ ಲೆಕ್ಕ ಕೊಡುತ್ತಾನೆ: ಒಂದು ಕಡಿಮೆ ನಲವತ್ತು ಏಟುಗಳ ಶಿಕ್ಷೆ ಐದು ಸಾರಿ, ಛಡಿಯೇಟು ಮೂರು ಸಾರಿ, ಹಡಗು ಒಡೆದದ್ದು ಮೂರು ಸಾರಿ, ಜೊತೆಗೆ ನಿದ್ದೆಗೇಡು, ಹಸಿವು, ಬಾಯಾರಿಕೆ, ಚಳಿ, ಬಟ್ಟೆಯಿಲ್ಲದ ಸ್ಥಿತಿ. ರೋಮಿನಿಂದ ಬರೆದನೆಂದು ಹಿಡಿದರೆ, ಆ ಹೊತ್ತಿಗೆ ಅವನು ಕ್ರಿಸ್ತನ ಹಿಂಬಾಲಕನಾಗಿ ಸುಮಾರು ಇಪ್ಪತ್ತೈದು ವರ್ಷಗಳಾಗಿದ್ದವು. ನಂಬಿಕೆಗೆ ಬಂದು ಆರು ತಿಂಗಳಾದರೂ ಮನಸ್ಸಿಗೆ ನೆಮ್ಮದಿಯಿಲ್ಲವೆಂದು ಕೊರಗುವವರಿಗೆ, ಅದು ತಮ್ಮ ನಂಬಿಕೆಯ ದೋಷವೆಂದು ಹೆದರುವವರಿಗೆ ಈ ‘ಕಲಿತುಕೊಂಡಿದ್ದೇನೆ’ ಎಂಬ ಒಂದು ಮಾತನ್ನು ಯಾರಾದರೂ ನಿಧಾನವಾಗಿ ಓದಿ ಹೇಳಬೇಕು ಎಂದು ನನಗೆ ಅನೇಕ ಸಾರಿ ಅನಿಸಿದೆ.

ಈ ಕಲಿಕೆ ಮನಸ್ಸನ್ನು ಮರಗಟ್ಟಿಸುವ ಕಲಿಕೆಯಲ್ಲ ಎಂಬುದಕ್ಕೂ ಅದೇ ಪತ್ರಿಕೆಗಳಲ್ಲಿ ಸಾಕ್ಷಿಯಿದೆ. ಎಪಫ್ರೊದೀತನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಪೌಲನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ತನ್ನ ಶರೀರದಲ್ಲಿ ನಾಟಿದ್ದ ‘ಶೂಲ’ ತೊಲಗಲಿ ಎಂದು ಅವನು ಮೂರು ಸಾರಿ ಬೇಡಿಕೊಂಡಿದ್ದ. ಸಿಕ್ಕ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು ಎಂಬುದು. ಆ ಉತ್ತರದಲ್ಲಿರುವ ‘ಸಾಕು’ ಎಂಬ ಗ್ರೀಕ್ ಕ್ರಿಯಾಪದ ‘ಔತಾರ್ಕೇಸ್’ ಪದದ ಒಳಗಿರುವ ಅದೇ ಧಾತು. ಹಾಗಾಗಿ ಸಂತೃಪ್ತನು ಬೇಡಿಕೊಳ್ಳಬಾರದು, ಅಳಬಾರದು, ಔಷಧಿಗೆ ಹೋಗಬಾರದು ಎಂಬ ತೀರ್ಮಾನಕ್ಕೆ ಇಲ್ಲಿ ಜಾಗವಿಲ್ಲ. ಯಾವ ಸಂಬಂಧವಾಗಿಯೂ ಚಿಂತೆ ಮಾಡದೆ, ಸ್ತೋತ್ರದೊಂದಿಗೆ ನಿಮ್ಮ ಬೇಡಿಕೆಗಳನ್ನು ದೇವರಿಗೆ ತಿಳಿಯಪಡಿಸಿರಿ ಎಂಬ ಸಲಹೆ ಇದೇ 4ನೆಯ ಅಧ್ಯಾಯದ 6ನೆಯ ವಚನದಲ್ಲಿದೆ. ಬೇಡಿಕೆ ಮೊದಲು ಬರುತ್ತದೆ, ಸಂತೃಪ್ತಿಯ ಮಾತು ಅದರ ನಂತರ.

ಇಲ್ಲದಿರುವಾಗ ತೃಪ್ತಿಯಿಂದಿರುವುದು ಕಷ್ಟವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಪೌಲನು ಸಮೃದ್ಧಿಯನ್ನೂ ಕಲಿಯಬೇಕಾದ ಪಾಠಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ ಎಂಬುದನ್ನು ನಾವು ಓದಿಯೂ ಓದದವರಂತೆ ದಾಟಿಬಿಡುತ್ತೇವೆ. ಇದ್ದವನಿಗೆ ಏನು ಕಲಿಯಲಿಕ್ಕಿದೆ? ಬೈಬಲಿನ ಉತ್ತರ ಬಹಳ ಗಂಭೀರವಾಗಿದೆ. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿ ಮೋಶೆ ಜನರನ್ನು ಎಚ್ಚರಿಸುವುದು ಮುಂದೆ ಬರಬಹುದಾದ ಬರಗಾಲದ ಕುರಿತಲ್ಲ. ಹೊಟ್ಟೆತುಂಬ ಉಂಡು, ಒಳ್ಳೆಯ ಮನೆಗಳನ್ನು ಕಟ್ಟಿಕೊಂಡು, ದನಕುರಿಗಳೂ ಬೆಳ್ಳಿಬಂಗಾರವೂ ಹೆಚ್ಚಿದಾಗ, ಇದೆಲ್ಲ ನನ್ನ ಕೈಬಲದಿಂದಲೇ ಆಯಿತು ಎಂದು ನೀವು ಅಂದುಕೊಳ್ಳಬಹುದು ಎಂಬುದು ಅವನ ಭಯ. ಜ್ಞಾನೋಕ್ತಿಗಳ 30ನೆಯ ಅಧ್ಯಾಯದಲ್ಲಿ ಆಗೂರನು ಬಡತನವನ್ನೂ ಬೇಡವೆನ್ನುತ್ತಾನೆ, ಐಶ್ವರ್ಯವನ್ನೂ ಬೇಡವೆನ್ನುತ್ತಾನೆ; ಬಡತನ ಬಂದರೆ ಕದ್ದೇನು, ಹೊಟ್ಟೆ ತುಂಬಿದರೆ ‘ಯೆಹೋವನು ಯಾರು?’ ಎಂದು ಕೇಳಿಬಿಟ್ಟೇನು ಎಂಬ ಅವನ ಪ್ರಾರ್ಥನೆಯಷ್ಟು ಪ್ರಾಮಾಣಿಕವಾದ ಪ್ರಾರ್ಥನೆ ಅಪರೂಪ. ಯೇಸು ಹೇಳಿದ ಸಾಮ್ಯದ ಐಶ್ವರ್ಯವಂತನೂ ಕಳ್ಳನಲ್ಲ, ಮೋಸಗಾರನೆಂದೂ ಹೇಳಿಲ್ಲ. ಅವನ ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೇ. ಅವನು ತನ್ನೊಳಗೆ ಆಡಿಕೊಂಡ ಮಾತಿನಲ್ಲಿ ನನ್ನ ಬೆಳೆ, ನನ್ನ ಕಣಜ, ನನ್ನ ದವಸಧಾನ್ಯ, ನನ್ನ ಸರಕು ಎಂಬ ಮಾತುಗಳೇ ತುಂಬಿವೆ. ಕೊಟ್ಟವನೂ ಇಲ್ಲ, ನೆರೆಯವನೂ ಇಲ್ಲ.

ಇದ್ದಾಗ ಸಂತೃಪ್ತನಾಗಿರುವುದು ಲೆಕ್ಕದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಕ್ರೈಸ್ತ ಬೋಧಕ ಜಾನ್ ವೆಸ್ಲಿಯ (1703–1791) ಒಂದು ಉದಾಹರಣೆಯಿದೆ. ಆಕ್ಸ್‌ಫರ್ಡಿನ ತಮ್ಮ ಆರಂಭದ ಗೆಳೆಯರ ಪೈಕಿ ಒಬ್ಬನ ವಿಷಯವೆಂದು ಅವರು ಅದನ್ನು ಹೇಳಿದರು. ಆ ಒಬ್ಬರು ಸ್ವತಃ ವೆಸ್ಲಿಯೇ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಮೊದಲ ವರ್ಷ ಬಂದ ಆದಾಯ 30 ಪೌಂಡು. 28ರಲ್ಲಿ ಜೀವನ ಸಾಗಿತು, 2 ಪೌಂಡು ಬಡವರಿಗೆ ಹೋಯಿತು. ಮರುವರ್ಷ 60 ಪೌಂಡು ಬಂದಾಗಲೂ ಜೀವನಕ್ಕೆ ಅದೇ 28, ಉಳಿದ 32 ದಾನ. ಮೂರನೆಯ ವರ್ಷ 90ರಲ್ಲಿ 62, ನಾಲ್ಕನೆಯ ವರ್ಷ 120ರಲ್ಲಿ 92. ಆದಾಯ ನಾಲ್ಕು ಪಟ್ಟಾದರೂ ‘ಸಾಕು’ ಎಂಬ ಗೆರೆ ಕದಲಲಿಲ್ಲ. ಎಲ್ಲರೂ ಹೀಗೆಯೇ ಮಾಡಬೇಕೆಂದು ಯಾರೂ ಕಟ್ಟಳೆ ಹಾಕಲಾರರು. ಮಕ್ಕಳ ಶಾಲೆಯ ಖರ್ಚು, ವಯಸ್ಸಾದ ತಂದೆತಾಯಿಯ ಔಷಧಿ, ಮನೆಸಾಲದ ಕಂತು ಇರುವ ಕುಟುಂಬದ ಲೆಕ್ಕ ಬೇರೆ. ಆದರೆ ಸಂಬಳ ಏರಿದ ತಿಂಗಳೇ ಅಗತ್ಯವೂ ಏರಿಬಿಡುವುದು ನಮಗೆ ಎಷ್ಟು ಸಹಜವಾಗಿ ಕಾಣುತ್ತದೆಂದರೆ, ಅದು ಸಹಜವಲ್ಲ ಎಂದು ತಿಳಿಯಲು ಇಂಥದ್ದೊಂದು ಲೆಕ್ಕದ ಪುಟವೇ ಬೇಕಾಗುತ್ತದೆ. ಪೌಲನ ಪತ್ರಿಕೆಗಳಲ್ಲಿ ‘ಔತಾರ್ಕೇಯ’ ಎಂಬ ನಾಮಪದ ಬರುವ ಎರಡು ಕಡೆಗಳಲ್ಲಿ ಒಂದು 2 ಕೊರಿಂಥ 9:8. ಅಲ್ಲಿ ದೇವರು ಸಾಕಷ್ಟು ಕೊಡುವುದು ಸಕಲ ಸತ್ಕಾರ್ಯಗಳನ್ನು ಹೇರಳವಾಗಿ ಮಾಡುವಂತಾಗಲಿ ಎಂದೇ. 1 ತಿಮೊಥೆ 6ನೆಯ ಅಧ್ಯಾಯವೂ ಐಶ್ವರ್ಯವಂತರಿಗೆ ‘ಬಡವರಾಗಿರಿ’ ಎನ್ನುವುದಿಲ್ಲ. ದೇವರು ನಮ್ಮ ಅನುಭೋಗಕ್ಕಾಗಿ ಎಲ್ಲವನ್ನೂ ಹೇರಳವಾಗಿ ಕೊಡುವಾತನೆಂದು ಒಪ್ಪಿಕೊಂಡೇ, ಅಸ್ಥಿರವಾದ ಐಶ್ವರ್ಯದ ಮೇಲೆ ನಿರೀಕ್ಷೆಯಿಡದೆ ಧಾರಾಳವಾಗಿ ಹಂಚಿಕೊಳ್ಳಿರಿ ಎನ್ನುತ್ತದೆ.

ಇನ್ನು ಕೊರತೆಯ ಮಾತು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ನಮ್ಮ ಗಾದೆಯನ್ನೇ ಸಂತೃಪ್ತಿಯೆಂದು ಬೋಧಿಸುವುದನ್ನು ನಾನು ಕೇಳಿದ್ದೇನೆ. ಗಾದೆ ಸಂಸಾರಕ್ಕೆ ಬೇಕಾದ ಎಚ್ಚರವನ್ನು ಹೇಳುತ್ತದೆ, ಅದು ಒಳ್ಳೆಯದೇ. ಆದರೆ ಕಾಲು ಮಡಚಿಕೊಂಡವನ ಮನಸ್ಸು ಪಕ್ಕದವನ ದೊಡ್ಡ ಹಾಸಿಗೆಯ ಮೇಲೆಯೇ ಇರಬಹುದು. ಪೌಲನು ಮಾತನಾಡುತ್ತಿರುವುದು ಕಾಲಿನ ಬಗ್ಗೆ ಅಲ್ಲ, ಆ ಮನಸ್ಸಿನ ಬಗ್ಗೆ. ಅದಕ್ಕಿಂತ ಹೆಚ್ಚು ನೋವು ಕೊಡುವ ತಪ್ಪು ಇನ್ನೊಂದಿದೆ: ಕೂಲಿ ಸಾಲದವನಿಗೆ, ಬಾಡಿಗೆ ಕಟ್ಟಲಾಗದವಳಿಗೆ ‘ಇದ್ದುದರಲ್ಲಿ ತೃಪ್ತಿಪಡಿ’ ಎಂದು ಇದ್ದವರು ಈ ವಚನವನ್ನು ಓದಿ ಹೇಳುವುದು. ಪೌಲನು ಸಂತೃಪ್ತಿಯನ್ನು ತನ್ನ ಬಗ್ಗೆ ಹೇಳಿಕೊಂಡನೇ ಹೊರತು ಹಸಿದ ಇನ್ನೊಬ್ಬನ ಮುಂದೆ ಉಪದೇಶವಾಗಿ ಇಡಲಿಲ್ಲ. 13ನೆಯ ವಚನದ ಬೆನ್ನಿಗೇ 14ನೆಯದು ಬರುತ್ತದೆ: ಆದರೂ ನೀವು ನನ್ನ ಸಂಕಟದಲ್ಲಿ ಪಾಲುಗಾರರಾದದ್ದು ಒಳ್ಳೆಯದಾಯಿತು. ನಾನು ಸಂತುಷ್ಟನಿದ್ದೆ, ನೀವು ಕಳುಹಿಸಬೇಕಾಗಿರಲಿಲ್ಲ ಎಂದು ಅವನು ಹೇಳಲಿಲ್ಲ. ಬಟ್ಟೆಯಿಲ್ಲದ, ಊಟವಿಲ್ಲದ ಸಹೋದರನಿಗೆ ಬೇಕಾದುದನ್ನು ಕೊಡದೆ ‘ಸಮಾಧಾನದಿಂದ ಹೋಗು, ಬೆಂಕಿ ಕಾಯಿಸಿಕೋ, ಹೊಟ್ಟೆ ತುಂಬಿಸಿಕೋ’ ಎಂದರೆ ಪ್ರಯೋಜನವೇನು ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಕೇಳುತ್ತಾನೆ. ಹೊಲ ಕೊಯ್ದವರಿಂದ ಹಿಡಿದುಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ ಎಂದೂ ಅವನು ಬರೆದಿದ್ದಾನೆ. ಹಾಗಾಗಿ ನ್ಯಾಯವಾದ ಕೂಲಿಯನ್ನು ಕೇಳುವುದು ಅಸಂತೃಪ್ತಿಯಲ್ಲ. ಸಂತೃಪ್ತಿ ಅನ್ಯಾಯಕ್ಕೆ ಹೊದಿಸುವ ಹೊದಿಕೆಯಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪು ಸಮೃದ್ಧಿಯ ಸುವಾರ್ತೆಯದು. ನನ್ನ ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನು ನೀಗಿಸುವನು ಎಂಬ 19ನೆಯ ವಚನವನ್ನು ಅದರ ನೆಲದಿಂದ ಕಿತ್ತು, ಕಾಣಿಕೆ ಕೊಟ್ಟರೆ ಕಾರು ಬರುತ್ತದೆ ಎಂಬಂತೆ ಬೋಧಿಸುವವರಿದ್ದಾರೆ. ಆ ವಚನ ಯಾರಿಗೆ ಬರೆದದ್ದು? 2 ಕೊರಿಂಥ 8ನೆಯ ಅಧ್ಯಾಯದ ಪ್ರಕಾರ ಮಕೆದೋನ್ಯದ ಸಭೆಗಳವರು ಕಡುಬಡವರು. ತಮ್ಮ ಶಕ್ತಿಗೆ ಮೀರಿ, ಕೊಡಲು ಅವಕಾಶ ಮಾಡಿಕೊಡಿರೆಂದು ಬೇಡಿಕೊಂಡು ಕೊಟ್ಟವರು. ತಮ್ಮ ಕೊರತೆಯಿಂದಲೇ ಕೊಟ್ಟವರಿಗೆ, ನಿಮ್ಮ ಕೊರತೆಯನ್ನು ದೇವರು ನೋಡಿಕೊಳ್ಳುತ್ತಾನೆಂದು ಕೈದಿಯೊಬ್ಬನು ಹೇಳಿದ ಧೈರ್ಯದ ಮಾತು ಅದು. ಅಲ್ಲಿರುವ ಪದ ಕೊರತೆ, ಆಸೆಯಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನ ಎಂಬ ಆಹಾರ ಆಕಾಶದಿಂದ ಸುರಿದಾಗಲೂ ತಲೆಗೊಂದು ಓಮೆರ್ ಅಳತೆಯಂತೆ ದಿನದ ಪಾಲು ಸಿಗುತ್ತಿತ್ತು. ನಾಳೆಗೆಂದು ಬಚ್ಚಿಟ್ಟದ್ದು ಹುಳಬಿದ್ದು ನಾರಿತು. ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕಡಿಮೆಯಾಗಲಿಲ್ಲ ಎಂಬ ಆ ಕಥೆಯ ಸಾಲನ್ನೇ ಪೌಲನು ಸಭೆಗಳ ನಡುವಿನ ಹಂಚಿಕೆಗೆ ಆಧಾರವಾಗಿ ಎತ್ತಿಕೊಳ್ಳುತ್ತಾನೆ. ಕರ್ತನ ಪ್ರಾರ್ಥನೆಯಲ್ಲಿ ನಾವು ಕೇಳುವುದೂ ಅನುದಿನದ ಆಹಾರವನ್ನು, ಅದೂ ‘ನನಗೆ’ ಎಂದಲ್ಲ, ‘ನಮಗೆ’ ಎಂದು.

ಕೊನೆಯದಾಗಿ, ತೆಗೆದುಕೊಳ್ಳುವುದರ ವಿಷಯ. ಸಂತೃಪ್ತಿಯ ಬಗ್ಗೆ ಮಾತನಾಡುವವರು ಇದನ್ನು ಮುಟ್ಟುವುದು ಕಡಿಮೆ. ರೋಮನ್ ಸಮಾಜದಲ್ಲಿ ಉಡುಗೊರೆಯೆಂದರೆ ಋಣ. ತೆಗೆದುಕೊಂಡವನು ಕೊಟ್ಟವನಿಗೆ ತಲೆಬಾಗಬೇಕು. ಈ ಕಾರಣವೂ ಸೇರಿ ಪೌಲನು ಕೊರಿಂಥದವರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ ಎಂದು ಅನೇಕರು ಭಾವಿಸುತ್ತಾರೆ. ಫಿಲಿಪ್ಪಿಯವರಿಂದ ಮಾತ್ರ ತೆಗೆದುಕೊಂಡ. ಹಾಗಿದ್ದೂ 10ರಿಂದ 20ರವರೆಗಿನ ವಚನಗಳಲ್ಲಿ ‘ನಿಮಗೆ ಕೃತಜ್ಞತೆ’ ಎಂಬ ನೇರವಾದ ಮಾತಿಲ್ಲ. ಬದಲಿಗೆ ವ್ಯಾಪಾರದ ಮಾತುಗಳಿವೆ: ಕೊಡುವ ಕೊಳ್ಳುವ ಲೆಕ್ಕ, ನಿಮ್ಮ ಲೆಕ್ಕಕ್ಕೆ ಸೇರುವ ಫಲ, ಮತ್ತು ‘ಎಲ್ಲವೂ ಸಂದಿದೆ’ ಎಂಬ ಅರ್ಥದ ಪದ. ಈಜಿಪ್ಟಿನಲ್ಲಿ ಸಿಕ್ಕಿರುವ ಪ್ಯಾಪಿರಸ್ ರಸೀದಿಗಳಲ್ಲಿ ಹಣ ಸಂದಾಯವಾಯಿತೆಂದು ಬರೆಯುತ್ತಿದ್ದುದು ಇದೇ ಪದದಿಂದ. ರಸೀದಿ ಬರೆದ ಕೂಡಲೇ ಪೌಲನು ಮಾತನ್ನು ಗುಡಿಯ ಕಡೆಗೆ ತಿರುಗಿಸುತ್ತಾನೆ: ನೀವು ಕಳುಹಿಸಿದ್ದು ದೇವರಿಗೆ ಸುಗಂಧ ವಾಸನೆಯಾದ, ಇಷ್ಟವಾದ ಯಜ್ಞ. ಹೀಗೆ ಕೊಟ್ಟವರು ಮೇಲೆ, ತೆಗೆದುಕೊಂಡವನು ಕೆಳಗೆ ಎಂಬ ಏಣಿಯನ್ನೇ ಅವನು ತೆಗೆದುಹಾಕುತ್ತಾನೆ. ಕೊಟ್ಟದ್ದು ದೇವರಿಗೆ, ಬಂದದ್ದು ದೇವರಿಂದ. ನಡುವೆ ಇಬ್ಬರೂ ಪಾಲುಗಾರರು.

ಈ ಭಾಗವನ್ನು ನನಗೆ ಅರ್ಥಮಾಡಿಸಿದ್ದು ನಮ್ಮ ಸಭೆಯ ಒಬ್ಬ ಅಜ್ಜಿ. ಸುಗ್ಗಿಯ ಹಬ್ಬದ ಆರಾಧನೆಯ ದಿನ ಕೆಲವರು ಬಾಳೆಗೊನೆ ತರುತ್ತಾರೆ, ಕೆಲವರು ಕುಂಬಳಕಾಯಿ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ನಡೆಯುತ್ತದೆ. ಆ ಅಜ್ಜಿ ಪ್ರತಿವರ್ಷ ಸ್ಟೀಲ್ ಬಟ್ಟಲಿನಲ್ಲಿ ಭತ್ತದ ಹೊಟ್ಟು ಹರಡಿ, ಅದರ ಮೇಲೆ ಎರಡು ನಾಟಿ ಕೋಳಿಮೊಟ್ಟೆ ಇಟ್ಟುಕೊಂಡು ಬಂದು, ಗೊನೆಗಳ ಪಕ್ಕದಲ್ಲಿ ಯಾವ ಸಂಕೋಚವೂ ಇಲ್ಲದೆ ಇಡುತ್ತಿದ್ದರು. ಒಂದು ಮಳೆಗಾಲ ಅವರು ಜಾರಿಬಿದ್ದು ಸೊಂಟ ಮುರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಸಭೆಯ ಹೆಂಗಸರು ಅಕ್ಕಿ, ಬೇಳೆ, ಒಂದಷ್ಟು ಹಣ ತೆಗೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಇದನ್ನು ಕೊಟ್ಟರೆ ಅವರಿಗೆ ನೋವಾದೀತೇ ಎಂಬ ಅಳುಕು ನಮ್ಮೆಲ್ಲರಲ್ಲಿತ್ತು. ಅವರು ಬೇಡವೆನ್ನಲಿಲ್ಲ, ಕಣ್ಣೀರಿಡಲಿಲ್ಲ, ಹತ್ತು ಸಾರಿ ಕೈಮುಗಿಯಲೂ ಇಲ್ಲ. ಚೀಲದ ಬಾಯಿ ಬಿಚ್ಚಿಸಿ, ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ತೆಗೆದುಕೊಂಡು ನೋಡಿ, ‘ದೇವ್ರು ಕೊಟ್ಟ, ನೀವು ತಂದ್ರಿ, ಕೂತ್ಕೊಳ್ರಮ್ಮ’ ಎಂದರು. ಆಮೇಲೆ ತಮ್ಮ ಕೋಳಿಗಳಿಗೆ ಯಾರು ಕಾಳು ಹಾಕುತ್ತಿದ್ದಾರೆಂದು ವಿಚಾರಿಸಿದರು.